ಅವ್ವನ ಬೆರಳು ಮಡಚದ ಚಳಿಗಾಲ

ನಮ್ಮ ಗಜೇಂದ್ರಗಡ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲದ ಮಾತಿದು. ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯುವುದರೊಳಗೆ ಮನೆ ಮನೆಯಿಂದ ಮಗ್ಗದ ಸಪ್ಪಳ ಏಳುತ್ತಿತ್ತು. ಪಡಸಾಲಿಯಲ್ಲಿ ಗಂಜಿ ಹಚ್ಚಿದ ನೂಲಿನ ಹುಳಿವಾಸನೆ, ಹಿತ್ತಲಲ್ಲಿ ಬಣ್ಣದ ನೀರು ಹರಿದು ಕೆಂಪಾದ ಮಣ್ಣು, ಒಲೆಯ ಮೇಲೆ ಉಬ್ಬುತ್ತಿದ್ದ ಜೋಳದ ರೊಟ್ಟಿ. ಗುಡ್ಡದ ಕಡೆಯಿಂದ ಬೀಸುವ ಚಳಿಗಾಳಿಗೆ ಕೌದಿ ಹೊದ್ದು, ಕಟ್ಟೆಯ ಮೇಲೆ ಬಿಸಿಲು ಕಾಯುತ್ತ, ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಕಡಿಯುತ್ತಿದ್ದ ಮಕ್ಕಳಲ್ಲಿ ಕೆಲವರಾದರೂ ಇನ್ನೂ ಇದ್ದಾರು. ಅಂಥವರಿಗಾಗಿ ಆಗಿನ ಒಂದು ಚಳಿಗಾಲದ ಸಂಗತಿ ಬರೆಯುತ್ತಿದ್ದೇನೆ. ಇದರಲ್ಲಿ ಸುಖ ಕಡಿಮೆ.

ನಾವು ಮನೆಯಲ್ಲಿ ನಾಲ್ಕು ಜನ. ಅಪ್ಪ ಸೀರೆ ನೇಯುತ್ತಿದ್ದ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ನಮ್ಮದು. ಅಪ್ಪನ ತಾಯಿಯನ್ನು ನಾನು ಆಯಿ ಅನ್ನುತ್ತಿದ್ದೆ. ಮನೆಯ ಯಜಮಾನಿಕೆಯೆಲ್ಲ ಆಕೆಯದು. ಅವ್ವ ನೀಲವ್ವ. ಆಕೆಯ ಕೈ ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿದು, ಮಧ್ಯಾಹ್ನ ರಾಟಿ ತಿರುವಿ ಅಪ್ಪನ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಅದು ಮುಗಿದ ಮೇಲೆ ನನ್ನ ಜತೆ ಕೂತು ಹರಳಿನ ಆಟ. ಒಂದು ಹರಳು ಮೇಲೆ ತೂರಿ, ಅದು ಬೀಳುವುದರೊಳಗೆ ಕೆಳಗಿನ ನಾಲ್ಕನ್ನೂ ಬಾಚಿ ಹಿಡಿಯುತ್ತಿದ್ದಳು. ನಾನು ಸೋತು ಮುಖ ಊದಿಸಿದರೆ ನನ್ನ ಗಲ್ಲ ಹಿಂಡಿ ನಗುತ್ತಿದ್ದಳು.

ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ನನಗೆ ಒಂಬತ್ತು ತುಂಬಿದ ವರ್ಷ, ಆಷಾಢದಲ್ಲಿ, ತಮ್ಮ ಹುಟ್ಟಿದ. ಅವ್ವನ ತಾಯಿ ಬಹಳ ಹಿಂದೆಯೇ ತೀರಿಹೋಗಿದ್ದರಿಂದ ಬಾಣಂತನ ಮಾಡಲು ರಾಜೂರಿನಿಂದ ಅವ್ವನ ಅಕ್ಕ, ನನ್ನ ದೊಡ್ಡವ್ವ, ಬಂದಳು. ಎತ್ತರದ ಹೆಂಗಸು, ನಕ್ಕರೆ ಓಣಿಯ ಕಡೆಯ ಮನೆಗೆ ಕೇಳಬೇಕು. ಆಕೆಗೆ ಮಕ್ಕಳಿರಲಿಲ್ಲ. ಮನೆಯ ತುಂಬ ಲೋಬಾನದ ಹೊಗೆ, ಅಜವಾನದ ಘಮ, ಅಂಟಿನ ಉಂಡಿಯ ತುಪ್ಪದ ವಾಸನೆ. ಅವ್ವನಿಗೆಂದು ಕಟ್ಟಿದ ಉಂಡಿಗಳಲ್ಲಿ ದಿನಾ ಒಂದನ್ನು ದೊಡ್ಡವ್ವ ಆಯಿಗೆ ಕಾಣದಂತೆ ನನ್ನ ಲಂಗದ ಮಡಿಲಿಗೆ ಹಾಕುತ್ತಿದ್ದಳು. ತಮ್ಮನಿಗೆ ಮಲ್ಲಪ್ಪ ಎಂದು ಹೆಸರಿಟ್ಟರು. ನಮಗೆಲ್ಲ ಮಲ್ಲು. ಸಾಲಿಯಿಂದ ಬಂದವಳೇ ಪಾಟಿ ಮೂಲೆಗಿಟ್ಟು ಅವನನ್ನು ಟೊಂಕದ ಮೇಲೆ ಏರಿಸಿಕೊಳ್ಳುತ್ತಿದ್ದೆ. ಮೂರು ತಿಂಗಳಾದ ಮೇಲೆ ದೊಡ್ಡವ್ವ ತನ್ನ ಊರಿಗೆ ಹೋದಳು.

ಶೀಗಿ ಹುಣ್ಣಿಮೆ ಕಳೆದು ಚಳಿ ಬಿದ್ದಿತ್ತು. ಒಂದು ಮುಂಜಾನೆ ಅವ್ವ ನನ್ನನ್ನು ಎಬ್ಬಿಸಿ ತನ್ನ ಕುಪ್ಪಸದ ಗಂಟು ಕಟ್ಟು ಅಂದಳು. ರಾತ್ರಿ ಕೈಮೇಲೆ ಮಲಗಿದ್ದೆನೇನೋ, ಬೆರಳು ಮಡಚುತ್ತಿಲ್ಲ ಅಂದಳು. ಬಿಸಿಲೇರುವ ಹೊತ್ತಿಗೆ ಬೆರಳು ಸಡಿಲಾದವು. ಅದನ್ನು ಆಕೆಯೂ ಮರೆತಳು, ನಾನೂ ಮರೆತೆ. ಆದರೆ ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ದೀಪಾವಳಿಯ ಹೊತ್ತಿಗೆ ಬೆರಳಿನ ಗೆಣ್ಣುಗಳು ಊದಿ, ಮುಂಗೈ ಕೆಂಪಾಗಿ, ಮುಟ್ಟಿದರೆ ಬಿಸಿ ಹತ್ತುತ್ತಿತ್ತು. ಆಮೇಲೆ ಮೊಣಕಾಲು, ಹಿಮ್ಮಡ, ಹೆಗಲು ಹಿಡಿಯಿತು. ಎದ್ದು ಕೂಡಬೇಕಾದರೆ ಗೋಡೆಯ ಆಸರೆ ಬೇಕು. ಹೆಜ್ಜೆ ಇಟ್ಟರೆ ಕಾಯ್ದ ಹಂಚಿನ ಮೇಲೆ ಕಾಲಿಟ್ಟಂತೆ ಮುಖ ಕಿವುಚುತ್ತಿದ್ದಳು.

ರೊಟ್ಟಿ ಬಡಿಯಲು ಆಗದ ದಿನ ಆಕೆ ಅತ್ತಳು. ಹಿಟ್ಟು ನಾದಿ ಮುದ್ದೆ ಮಾಡಿ ಅಂಗೈ ಊರಿದ್ದಷ್ಟೇ, ಒಂದು ಸಲ ಬಡಿದು ಕೈ ಎದೆಗೆ ಒತ್ತಿಕೊಂಡು ಕೂತುಬಿಟ್ಟಳು. ಆಯಿ ಆಕೆಯನ್ನು ಬದಿಗೆ ಸರಿಸಿ ತಾನು ಕೂತಳು. ಅಂದಿನಿಂದ ಒಲೆಯೂ ಆಯಿಯದಾಯಿತು, ರಾಟಿಯೂ ಆಯಿಯದಾಯಿತು. ವಯಸ್ಸಾದ ಕೈ, ನೂಲು ಹರಿಯುತ್ತಿತ್ತು. ಅಪ್ಪ ಕಂಡಿಕೆಗಾಗಿ ಕಾಯುತ್ತ ಮಗ್ಗದಲ್ಲಿ ಸುಮ್ಮನೆ ಕೂಡುತ್ತಿದ್ದ.

ಆಯಿ ತನಗೆ ಗೊತ್ತಿದ್ದ ಮದ್ದನ್ನೆಲ್ಲ ಮಾಡಿದಳು. ನಾನು ಹಳ್ಳದ ದಂಡೆಯಿಂದ ಲಕ್ಕಿ ಗಿಡದ ತಪ್ಪಲ ತರಬೇಕು, ಆಕೆ ಅದನ್ನು ಮಣ್ಣಿನ ಹರವಿಯಲ್ಲಿ ಕುದಿಸಿ, ಅವ್ವನಿಗೆ ಕಂಬಳಿ ಮುಚ್ಚಿ ಆವಿ ಹಿಡಿಸಬೇಕು. ಎಕ್ಕಿ ಎಲೆಗೆ ಔಡಲೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಮೊಣಕಾಲಿಗೆ ಕಟ್ಟುತ್ತಿದ್ದಳು. ಉಪ್ಪು ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಕಾವು ಕೊಡುತ್ತಿದ್ದಳು. ಬಳ್ಳೊಳ್ಳಿ ಹಾಲಲ್ಲಿ ಬೇಯಿಸಿ ಕುಡಿಸಿದಳು, ಸುಂಠಿ ಬೆಲ್ಲ ತಿನ್ನಿಸಿದಳು. ಬದನೆಕಾಯಿ, ಮಜ್ಜಿಗೆ, ಕಡಲೆಬೇಳೆ ಎಲ್ಲ ಬಿಡಿಸಿದಳು. ಕಾವು ಕೊಟ್ಟಾಗ ಸ್ವಲ್ಪ ಹೊತ್ತು ಹಾಯೆನಿಸುವುದು, ಅದು ಆರುವುದರೊಳಗೆ ನೋವು ಮತ್ತೆ ಕೂತಿರುವುದು.

ಮದ್ದು ಮಾಡುತ್ತಲೇ ಬೈಯುತ್ತಿದ್ದಳು. ಇದು ಬಾಣಂತಿ ವಾಯು, ಹಸಿ ಮೈಯಲ್ಲಿ ತಣ್ಣೀರು ಮುಟ್ಟಿದ್ದಕ್ಕೆ ಬಂದದ್ದು, ತಾಯಿ ಇದ್ದಿದ್ದರೆ ನೆಟ್ಟಗೆ ಬಾಣಂತನ ಆಗುತ್ತಿತ್ತು, ಅಕ್ಕನಿಗೆ ಹಡೆದು ಗೊತ್ತಿಲ್ಲ, ಆಕೆಗೇನು ತಿಳಿದೀತು ಎಂದು. ಅವ್ವ ತಾನು ಯಾವಾಗ ತಣ್ಣೀರು ಮುಟ್ಟಿದೆ ಎಂದು ನನ್ನನ್ನೇ ಕೇಳುತ್ತಿದ್ದಳು, ನಾನು ನೋಡಿರಬಹುದೇನೋ ಎಂಬಂತೆ.

ಕೈಯಲ್ಲಿದ್ದ ಹಸಿರು ಬಳೆಗಳು ಊದಿದ ಮುಂಗೈಯೊಳಗೆ ಹೂತುಹೋಗತೊಡಗಿದವು. ಬಳೆ ಇಡಿಸುವ ಹುಸೇನಬೀಯನ್ನು ಕರೆಸಿದರು. ಆಕೆ ಸಾಬೂನಿನ ನೊರೆ, ಎಣ್ಣೆ ಹಚ್ಚಿ ಒಂದೊಂದನ್ನೇ ಸರಿಸುವಾಗ ಅವ್ವ ಸೆರಗು ಕಚ್ಚಿಕೊಂಡಿದ್ದಳು. ಎರಡು ಬಳೆ ಏನು ಮಾಡಿದರೂ ಬರಲಿಲ್ಲ. ಮುತ್ತೈದೆಯ ಕೈಯ ಬಳೆ ಒಡೆಯಬಾರದೆಂದು ಆಯಿ ಹಟ ಹಿಡಿದಳು. ಹುಸೇನಬೀ ಆಯಿಯ ಕಡೆ ನೋಡಿ, “ಬಳಿ ನಾಳೆ ಮತ್ತ ಇಡಸ್ತೀನ್ರಿ, ಕೈ ಹೋದ್ರ ಎಲ್ಲಿಂದ ತರ್ಲಿ?” ಅಂದಳು. ಆಯಿ ಎದ್ದು ಒಳಗೆ ಹೋದಳು. ಹುಸೇನಬೀ ಬಳೆಯ ಮೇಲೆ ಅರಿವೆ ಸುತ್ತಿ ಚಟ್ಟನೆ ಮುರಿದಳು. ಆಮೇಲೆ ಆಯಿಯೇ ಬಂದು ಅರಿಷಿಣ ಹಚ್ಚಿದ ದಾರವನ್ನು ಅವ್ವನ ಬರಿಗೈಗೆ ಕಟ್ಟಿದಳು.

ನಾನು ಸಾಲಿಗೆ ಹೋಗುವುದು ಕಡಿಮೆಯಾಯಿತು. ಮಲ್ಲುವಿಗೆ ಹಾಲು ಕುಡಿಸಬೇಕಾದರೆ ನಾನೇ ಅವನನ್ನು ಅವ್ವನ ಎದೆಗೆ ಹಿಡಿದು ಕೂಡಬೇಕಿತ್ತು. ಆಕೆ ಮೊಣಕೈಗಳನ್ನಷ್ಟೇ ಅವನ ಸುತ್ತ ತಂದು, ಬೆರಳು ತಾಗದಂತೆ ಮೇಲೆ ಎತ್ತಿಕೊಂಡಿರುತ್ತಿದ್ದಳು. ಅವನು ಕುಡಿಯುತ್ತ ಆಕೆಯ ಬೆರಳು ಹಿಡಿಯಲು ಕೈ ಚಾಚುತ್ತಿದ್ದ. ಕೂಸಿನ ಹಿಡಿತವೂ ಆಕೆಗೆ ತಾಳಲಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ತಾಳಿಕೊಳ್ಳುತ್ತಿದ್ದಳು, ಕೈ ಮಾತ್ರ ಬಿಡಿಸಿಕೊಳ್ಳುತ್ತಿರಲಿಲ್ಲ.

ಛಟ್ಟಿ ಅಮಾಸೆಯ ಸುಮಾರಿಗೆ ಯಾರೋ ಶಿರೋಳದ ಕಡೆ ಒಬ್ಬ ಬರೆ ಹಾಕುತ್ತಾನೆ, ವಾಯು ಅಲ್ಲಿಗೇ ನಿಲ್ಲುತ್ತದೆ ಅಂದರು. ಅಪ್ಪ ಬೇಡ ಅಂದ. ಆಯಿ ಹೋಗಲೇಬೇಕು ಅಂದಳು. ಕಡೆಗೆ ಅವ್ವನೇ, “ನಡೀರಿ, ಹೋಗೂಣು. ಇದಕ್ಕಿಂತ ಹೆಚ್ಚಿಗಿ ಏನ್ ಸುಟ್ಟೀತು?” ಅಂದಳು. ಕಾಯ್ದ ಕಬ್ಬಿಣದಿಂದ ಮುಂಗೈಗೆ, ಮೊಣಕಾಲಿಗೆ ಬರೆ ಎಳೆಸಿಕೊಂಡು ಬಂದಳು. ನಾನು ಬಾಗಿಲಲ್ಲಿ ಮಲ್ಲುವನ್ನು ಎತ್ತಿಕೊಂಡು ನಿಂತಿದ್ದೆ. ಅಪ್ಪ ಆಕೆಯನ್ನು ಗಾಡಿಯಿಂದ ಎರಡೂ ತೋಳಿನಲ್ಲಿ ಎತ್ತಿ ಇಳಿಸಿದ. ಓಣಿಯವರ ಎದುರು ಅಪ್ಪ ಅವ್ವನನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗಾಯ ಕೀವಾಯಿತು, ಜ್ವರ ಬಂತು, ಕೀಲಿನ ನೋವು ಇದ್ದಲ್ಲೇ ಇತ್ತು. ಜ್ವರದಲ್ಲಿ ಆಕೆ ಸತ್ತು ಹೋಗಿದ್ದ ತನ್ನ ತಾಯಿಯನ್ನು ಕರೆಯುತ್ತಿದ್ದಳು.

ಜ್ವರ ಇಳಿದ ಮೇಲೆ ಅಪ್ಪ ಯಾರನ್ನೂ ಕೇಳಲಿಲ್ಲ. ರೋಣದ ದವಾಖಾನಿಗೆ ಹೋಗೋಣ ಎಂದು ಅವ್ವನನ್ನು ಬಸ್ಸು ಹತ್ತಿಸಿದ. ಕೂಸು ಹಿಡಿಯಲು ನಾನೂ ಹೋದೆ. ರಸ್ತೆಯ ತಗ್ಗಿಗೆ ಗಾಲಿ ಇಳಿದಾಗಲೆಲ್ಲ ಅವ್ವ ಉಸಿರು ಹಿಡಿಯುತ್ತಿದ್ದಳು. ಆ ಕಡೆ ಈ ಕಡೆ ಎರೆಹೊಲದಲ್ಲಿ ಬಿಳಿಜೋಳ ಹಾಲುಗಾಳು ಹಿಡಿದಿತ್ತು. ಹಸಿ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳು ಹತ್ತಿರ ಬಂದಿದ್ದವು, ಆ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಅದರ ನೆನಪಾಗಲಿಲ್ಲ.

ದವಾಖಾನೆಯ ಡಾಕ್ಟರು ಪ್ರಾಯದವರು, ಮೆಲ್ಲಗೆ ಮಾತಾಡುವವರು. ಒಂದೊಂದು ಕೀಲನ್ನೂ ಮುಟ್ಟಿ ನೋಡಿದರು. ಬರೆಯ ಗಾಯ ನೋಡಿಯೂ ಬೈಯಲಿಲ್ಲ. ಇದು ತಣ್ಣೀರಿನಿಂದ ಬಂದದ್ದಲ್ಲ, ಬಾಣಂತನದ ತಪ್ಪೂ ಅಲ್ಲ, ಕೀಲಿನೊಳಗೇ ಹುಟ್ಟುವ ರೋಗ, ಕೆಲವರಿಗೆ ಹಡೆದ ಮೇಲೆ ಕಾಣಿಸಿಕೊಳ್ಳುತ್ತದೆ ಎಂದು ಹೇಳಿದರು. ಬುಡಸಹಿತ ಕೀಳುವ ಔಷಧ ನಮ್ಮಲ್ಲಿಲ್ಲ, ನೋವು ತಗ್ಗಿಸುವ ಗುಳಿಗೆ ಕೊಡುತ್ತೇನೆ, ಉಂಡ ಮೇಲೆ ನುಂಗಬೇಕು. ಮುಂಜಾನೆ ಬಿಸಿನೀರಿನಲ್ಲಿ ಕೈ ಅದ್ದಿ ಒಂದೊಂದೇ ಬೆರಳು ಮಡಚಿ ಬಿಡಿಸಬೇಕು. ಕೀಲು ಕೆಂಪಗೆ ಉರಿಯುತ್ತಿದ್ದ ದಿನ ಅದಕ್ಕೆ ಆರಾಮ ಕೊಡಬೇಕು, ಆದರೆ ಹಾಸಿಗೆ ಹಿಡಿದು ಮಲಗಬಾರದು, ಮಲಗಿದರೆ ಕೀಲು ಹಾಗೇ ಕಟ್ಟಿಹೋಗುತ್ತದೆ. ಬೆರಳಿನಿಂದ ಭಾರ ಎತ್ತದೆ ಅಂಗೈ, ಮುಂದೋಳು ಕೊಟ್ಟು ಎತ್ತಬೇಕು. ಹಾಲು, ತರಕಾರಿ ಏನನ್ನೂ ಬಿಡಬೇಕಾಗಿಲ್ಲ ಅಂದರು.

ಅವ್ವ ಎಲ್ಲ ಕೇಳಿ ಒಂದೇ ಮಾತು ಕೇಳಿದಳು. “ಕೂಸಿನ್ನ ಎತ್ತಿಕೊಳ್ಳಾಕ ಬರೂವಷ್ಟರ ಆಗತಾವೇನ್ರೀ?”

“ಆಗತಾವ ತಾಯಿ,” ಅಂದರು ಡಾಕ್ಟರು. “ಆದರ ವ್ಯಾಳ್ಯಾ ಹಿಡೀತೈತಿ. ವರ್ಷನೂ ಹಿಡೀಬಹುದು.”

ಆಕೆ ನನ್ನ ತೊಡೆಯ ಮೇಲಿದ್ದ ಮಲ್ಲುವನ್ನು ನೋಡಿದಳು.

ಎಳ್ಳಮಾಸೆಗೆ ಓಣಿಯವರೆಲ್ಲ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋದರು. ನಾವು ಹೋಗಲಿಲ್ಲ. ಪಕ್ಕದ ಮನೆಯವರು ಕೊಟ್ಟುಹೋದ ಹೋಳಿಗೆಯನ್ನು ನಾನು ತುಣುಕು ಮಾಡಿ ಅವ್ವನ ಬಾಯಿಗಿಟ್ಟೆ. ಮಲ್ಲು ಆಗ ಹೊಟ್ಟೆಯ ಮೇಲೆ ಹರಿಯತೊಡಗಿದ್ದ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಇರುತ್ತಿದ್ದ. ಅವನ ಈ ಹುಮ್ಮಸ್ಸು ನೋಡಿ ನಮಗೆ ನಗು ಬರುತ್ತಿತ್ತು, ಅವ್ವನಿಗೆ ಮಾತ್ರ ದಿಗಿಲು.

ಸಂಕ್ರಮಣ ಕಳೆದ ವಾರ ಅದು ಆಯಿತು. ಆ ದಿನ ನಾನು ಸಾಲಿಗೆ ಹೋಗಿದ್ದೆ. ಅಪ್ಪ ನೂಲು ತರಲು ಪ್ಯಾಟಿಗೆ ಹೋಗಿದ್ದ. ಮಲ್ಲು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಾನೆಂದು ಆಯಿ ಅರಿವೆ ಗಂಟು ಹೊತ್ತು ಬಾವಿಯ ಕಡೆ ಹೋಗಿದ್ದಳು. ನಾನು ಮಧ್ಯಾಹ್ನದ ಸೂಟಿಗೆ ಮನೆಗೆ ಬಂದಾಗ ಒಳಗಿನಿಂದ ಕೂಸಿನ ಅಳು ಕೇಳಿತು, ಅದರ ಜತೆಗೆ ಇನ್ನೊಂದು ದನಿ. ಅದು ಅವ್ವನದೆಂದು ಮೊದಲು ಗುರುತೇ ಸಿಗಲಿಲ್ಲ.

ಅವ್ವ ಮಗ್ಗದ ಕುಣಿಯ ಬಾಯಿಗೆ ಅಡ್ಡ ಬಿದ್ದುಕೊಂಡಿದ್ದಳು. ಮಲ್ಲು ನಿದ್ದೆಯಿಂದೆದ್ದು ಅತ್ತಾಗ ಆಕೆ ಹೇಗೋ ಮೊಣಕೈಯಿಂದ ಅವನನ್ನು ತೊಟ್ಟಿಲಿನಿಂದ ಕೆಳಗೆ ಜಾರಿಸಿಕೊಂಡು ಹಾಲು ಕುಡಿಸಿದ್ದಳಂತೆ. ಕುಡಿದವನು ಮಡಿಲಿನಿಂದ ಇಳಿದು ಸರಸರ ಕುಣಿಯ ಕಡೆ ಹರಿದಿದ್ದ. ಹಿಡಿದೆಳೆಯಲು ಆಕೆಯ ಬೆರಳು ಬರಲಿಲ್ಲ. ಅಂಗಿಯ ತುದಿ ಸಿಕ್ಕಿತು, ಮುಷ್ಟಿ ಕಟ್ಟಲಾಗಲಿಲ್ಲ, ಜಾರಿತು. ಆಗ ತನ್ನ ಮೈಯನ್ನೇ ಅವನ ಮುಂದೆ ಒಗೆದಿದ್ದಳು. ಅರ್ಧ ಮೈ ನೆಲದ ಮೇಲೆ, ಒಂದು ಕಾಲು ಕುಣಿಯೊಳಗೆ. ಎದ್ದೇಳಲು ಆಗದು, ಅವನನ್ನು ಎತ್ತಲು ಆಗದು. ಅವನು ಅವಳ ಬೆನ್ನಿನ ಮೇಲೆ ಹತ್ತಿ ಆ ಕಡೆ ಇಳಿಯಲು ನೋಡಿದಾಗಲೆಲ್ಲ ಹೆಗಲಿನಿಂದ ಹಿಂದಕ್ಕೆ ದೂಡುತ್ತಿದ್ದಳು. ಎಷ್ಟು ಹೊತ್ತಿನಿಂದ ಹಾಗಿದ್ದಳೋ ಶಿವನೇ ಬಲ್ಲ. ಮೊಣಕಾಲು ತರಚಿ ನೆತ್ತರು ಬಂದಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಸುತ್ತಲಿನ ಮಗ್ಗಗಳ ಸಪ್ಪಳದಲ್ಲಿ ಆಕೆಯ ಕೂಗು ಯಾರಿಗೂ ಕೇಳಿರಲಿಲ್ಲ.

ನಾನು ಮಲ್ಲುವನ್ನು ಎತ್ತಿಕೊಂಡೆ. ಆಕೆಯನ್ನು ಎಬ್ಬಿಸಲು ನನ್ನಿಂದಾಗಲಿಲ್ಲ. ಅಪ್ಪ ಬರುವ ತನಕ ಪಕ್ಕದಲ್ಲೇ ಕೂತಿದ್ದೆ. ಆಕೆ ನೆಲಕ್ಕೆ ಗಲ್ಲ ಹಚ್ಚಿ ಮಲಗಿದ್ದಳು, ಕಣ್ಣು ಮಾತ್ರ ಮಲ್ಲುವಿನ ಮೇಲಿತ್ತು.

ಮರುದಿನವೇ ಅವ್ವ ಅಪ್ಪನನ್ನು ರಾಜೂರಿಗೆ ಕಳಿಸಿ ದೊಡ್ಡವ್ವನನ್ನು ಕರೆಸಿದಳು. ದೊಡ್ಡವ್ವ ಬಂದು ತಂಗಿಯ ಕೈ ನೋಡಿ ಬಾಗಿಲಲ್ಲೇ ಕುಸಿದು ಕೂತಳು. ಅಷ್ಟು ಹದಗೆಟ್ಟಿದೆ ಎಂದು ಆಕೆಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವ್ವ ಆಕೆಯನ್ನು ಹತ್ತಿರ ಕರೆದು ಹೇಳಿದಳು:

“ಅಕ್ಕಾ, ಇವನ್ನ ಒಯ್ದ ಬಿಡು. ಇವತ್ತ ಕುಣಿ, ನಾಳೆ ಒಲಿ. ನನ್ನ ಕೂಸು ನನ್ನ ಕಣ್ಣ ಮುಂದ ಹೋದ್ರ, ನಾ ನೋಡ್ಕೋತ ಬಿದ್ದಿರಬೇಕೇನ?”

ದೊಡ್ಡವ್ವ, ನಾನೇ ಇಲ್ಲಿ ಬಂದಿರುತ್ತೇನೆ ಅಂದಳು. ಆದರೆ ಆಕೆಯ ಮನೆಯಲ್ಲಿ ಸುಗ್ಗಿ ಎದುರಿಗಿತ್ತು, ಗಂಡ, ದನಕರು, ಆಳುಗಳ ಅಡುಗೆ ಎಲ್ಲ ಆಕೆಯ ತಲೆಯ ಮೇಲಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಗಂಡು ಕೂಸನ್ನು ಹೊರಗೆ ಕಳಿಸುವುದೆಂದರೇನು ಎಂದು ಆಯಿ ದೊಡ್ಡ ದನಿ ತೆಗೆದಳು. ಅಪ್ಪ, “ಸುಮ್ಮನಿರಬೇ ಯವ್ವಾ,” ಅಂದ. ಅಪ್ಪ ತಾಯಿಗೆ ಎದುರು ಮಾತಾಡಿದ್ದು ಅಷ್ಟೇ. ಕಡೆಗೆ ದೊಡ್ಡವ್ವ ಅಂದಳು, “ಇಟ್ಕೋತೀನಿ ನೀಲಾ. ನಿಂದು ಅಂತನ ಇಟ್ಕೋತೀನಿ. ನಿನ್ನ ಕೈ ನೆಟ್ಟಗಾದ ದಿವಸ ಬಂದು ಒಯ್ಯಿ.” ಆ ಮಾತಿನಲ್ಲಿ ಕಪಟವಿರಲಿಲ್ಲ. ಇದನ್ನು ನಾನು ಯಾರ ಎದುರಾದರೂ ಹೇಳಬಲ್ಲೆ.

ಹೊರಡುವ ಮುಂಜಾನೆ ಆಯಿ ಮಲ್ಲುವಿಗೆ ಕುಂಚಿಗೆ ಕಟ್ಟಿ, ದೃಷ್ಟಿಬೊಟ್ಟು ಇಟ್ಟು, ಬಿಕ್ಕುತ್ತ ಒಳಗೆ ಹೋದಳು. ಅವ್ವ ಕಡೆಯ ಸಲ ಹಾಲು ಕುಡಿಸಿದಳು. ಅವನು ಎದೆ ಬಿಟ್ಟು ನಗುತ್ತಿದ್ದ. ಗಾಡಿ ಓಣಿ ದಾಟುವ ತನಕ ನಾನು ಹಿಂದೆ ಓಡಿದೆ. ತಿರುಗಿ ಬಂದಾಗ ಅವ್ವ ತೊಟ್ಟಿಲಿನ ಹಗ್ಗಕ್ಕೆ ಮೊಣಕೈ ಸಿಕ್ಕಿಸಿಕೊಂಡು ನಿಂತಿದ್ದಳು.

ಮುಂದಿನ ದಿನಗಳು ಹೇಗೆ ಹೋದವೆಂದು ಬರೆಯಲು ನನಗೆ ಈಗಲೂ ಕಷ್ಟ. ಹಾಲು ಕಟ್ಟಿ ಎದೆ ಕಲ್ಲಾಗಿ ಆಕೆಗೆ ಮತ್ತೆ ಜ್ವರ ಬಂತು. ಹಿಂಡಿಕೊಳ್ಳಲು ಆಕೆಯ ಕೈಗೆ ಆಗದು, ಆಯಿಯೇ ಬಿಸಿ ಅರಿವೆ ಇಟ್ಟು ಹಿಂಡಿ ತೆಗೆಯುತ್ತಿದ್ದಳು. ಓಣಿಯಲ್ಲಿ ಯಾವ ಕೂಸು ಅತ್ತರೂ ಅವ್ವನ ಕುಪ್ಪಸ ತೊಯ್ಯುತ್ತಿತ್ತು. ಒಮ್ಮೆ ನನ್ನನ್ನು ಕರೆದು, ನಾನು ಸತ್ತರೆ ನಿನ್ನ ತಮ್ಮನನ್ನು ಮರೆಯಬೇಡ, ಅವನಿಗೆ ಅಕ್ಕ ಇದ್ದಾಳೆಂದು ಹೇಳು ಅಂದಳು. ನಾನು ಆಕೆಯ ಕಾಲು ಒತ್ತುತ್ತ ಕೂತೆ.

ಯುಗಾದಿಗೆ ದೊಡ್ಡವ್ವ ಅವನನ್ನು ಕರೆತಂದಳು. ಮೈಕೈ ತುಂಬಿಕೊಂಡಿದ್ದ, ಹಿಡಿದು ನಿಲ್ಲುತ್ತಿದ್ದ. ಅವ್ವನನ್ನು ಕಂಡದ್ದೇ ಗುರುತು ಹಿಡಿದು ಎದೆಗೆ ಬಾಯಿ ಹಾಕಿದ. ಹಾಲು ಬತ್ತಿಹೋಗಿತ್ತು. ಅವನು ಅತ್ತ, ಆಕೆಯೂ ಅತ್ತಳು. ಸಂಜೆ ಅವರು ಹೋದ ಮೇಲೆ ಅವ್ವ ಎಷ್ಟೋ ದಿನ ಅನ್ನ ಬಿಟ್ಟಳು, ಕೀಲುಗಳು ಮತ್ತೆ ಕೆಂಡವಾದವು. ಚೇತರಿಸಿಕೊಂಡ ಮೇಲೆ ಅಪ್ಪನಿಗೆ ಹೇಳಿದಳು, ಇನ್ನು ಅವನನ್ನು ಕರೆತರುವುದು ಬೇಡ, ಬಂದು ಹೋದರೆ ನನ್ನಿಂದ ತಾಳಲಾಗದು. ಕೈ ಬಂದ ದಿನ ನಾನೇ ಹೋಗಿ ತರುತ್ತೇನೆ. ಅಪ್ಪ ಆಗಾಗ ರಾಜೂರಿಗೆ ಹೋಗಿ ನೋಡಿ ಬರುತ್ತಿದ್ದ. ಅವ್ವ ಬಾಗಿಲಲ್ಲಿ ಕಾದು ಕೂತು, ಈಗ ಹಲ್ಲು ಎಷ್ಟು, ನಡೆಯುತ್ತಾನೋ, ಏನು ತಿನ್ನುತ್ತಾನೆ ಎಂದು ಕೇಳಿ ತಿಳಿಯುತ್ತಿದ್ದಳು.

ಅಲ್ಲಿಂದ ಆಕೆ ಡಾಕ್ಟರು ಹೇಳಿದ್ದನ್ನು ಪೂಜೆಯಂತೆ ಹಿಡಿದಳು. ನಸುಕಿನಲ್ಲಿ ಆಯಿ ನೀರು ಕಾಯಿಸಿ ಬೋಗುಣಿ ತುಂಬಿಡುವಳು. ಬೈಯುವುದನ್ನು ಆಯಿ ಆಗ ಬಿಟ್ಟೇಬಿಟ್ಟಿದ್ದಳು. ಅವ್ವ ಅದರಲ್ಲಿ ಕೈಯಿಟ್ಟು ಹಲ್ಲು ಕಚ್ಚಿ ಬೆರಳು ಮಡಚುವಳು, ಬಿಡಿಸುವಳು. ಮೊದಲು ಅರ್ಧವೂ ಮಡಚುತ್ತಿರಲಿಲ್ಲ. ನೋವು ತುಸು ತಗ್ಗಿದ ಮೇಲೆ ಹುಣಸೆಬೀಜ ಚೆಲ್ಲಿಕೊಂಡು ಒಂದೊಂದೇ ಹೆಕ್ಕಿ ಬಟ್ಟಲಿಗೆ ಹಾಕುವಳು. ಅಪ್ಪ ರಾಟಿಯ ಹಿಡಿಕೆಗೆ ದಪ್ಪನೆ ಕಟ್ಟಿಗೆ ಕೂಡಿಸಿದ, ಸೌಟು, ಕುಡುಗೋಲುಗಳ ಹಿಡಿಗೆ ಅರಿವೆ ಸುತ್ತಿದ. ನೆಲದಿಂದ ಏಳುವ ಕಷ್ಟ ಬೇಡವೆಂದು ಎತ್ತರದ ಮಣೆ ಮಾಡಿಕೊಟ್ಟ. ಕೊಡವನ್ನು ಬೆರಳಿನಿಂದ ಹಿಡಿಯದೆ ಎರಡು ಮುಂದೋಳಿನ ನಡುವೆ ತಬ್ಬಿ ಎತ್ತುವುದನ್ನು ಆಕೆ ಕಲಿತಳು. ಸಂಜೆ ಎಣ್ಣೆ ಸವರಿ ಉಪ್ಪಿನ ಕಾವು. ಒಂದು ವಾರ ಚಲೋ ಇದ್ದರೆ ಮುಂದಿನ ವಾರ ಮತ್ತೆ ಊದಿಕೊಳ್ಳುವುದು, ಆಗ ಮಾಡಿದ್ದೆಲ್ಲ ನೀರುಪಾಲಾಯಿತೆಂದು ಗೋಡೆಗೆ ಮುಖ ಮಾಡಿ ಮಲಗುವಳು. ಮರುದಿನ ಮುಂಜಾನೆ ಬೋಗುಣಿಯ ಮುಂದೆ ಕೂತಿರುವಳು.

ನೋವು ಪೂರಾ ಹೋಗಲಿಲ್ಲ, ಬೆರಳುಗಳ ಸೊಟ್ಟವೂ ಹೋಗಲಿಲ್ಲ. ಆದರೆ ಮಳೆಗಾಲ ಮುಗಿಯುವುದರೊಳಗೆ ಕಂಡಿಕೆ ಸುತ್ತಿದಳು, ಶೀಗಿ ಹುಣ್ಣಿಮೆಗೆ ಒಂದು ರೊಟ್ಟಿ ಬಡಿದಳು. ದಪ್ಪಗೆ, ಅಂಚು ಹರಿದ ರೊಟ್ಟಿ. ಅಪ್ಪ ಅದನ್ನು ಬೇರೆ ಯಾರಿಗೂ ಕೊಡದೆ ತಾನೇ ತಿಂದ. ಪಕ್ಕದ ಮನೆಯ ಕೂಸನ್ನು ಎತ್ತಿ ಎತ್ತಿ ನೋಡಿ ತೋಳನ್ನು ರೂಢಿ ಮಾಡಿಕೊಂಡಳು. ಸಂಕ್ರಮಣ ಕಳೆದ ಮೇಲೆ, ಮಲ್ಲುವನ್ನು ಕಳಿಸಿ ವರ್ಷವಾದಾಗ, ಇಳಕಲ್ ಸೀರೆ ಉಟ್ಟು, ಹುಸೇನಬೀಯಿಂದ ಬಳೆ ಇಡಿಸಿಕೊಂಡು, ಅಪ್ಪನ ಜತೆ ರಾಜೂರಿಗೆ ಹೊರಟಳು. ನನ್ನನ್ನೂ ಕರೆದುಕೊಂಡರು. ದಾರಿಯುದ್ದಕ್ಕೂ ಆಕೆ ನಗುತ್ತಿದ್ದಳು.

ದೊಡ್ಡವ್ವನ ಅಂಗಳದಲ್ಲಿ ಮಲ್ಲು ಕೋಳಿಯ ಹಿಂದೆ ಓಡುತ್ತಿದ್ದ. ಅವ್ವ ಕೆಳಗೆ ಕೂತು ಎರಡೂ ಕೈ ಚಾಚಿ, “ಬಾ ನನ್ನಪ್ಪಾ,” ಅಂದಳು. ಅವನು ನಿಂತು ಆ ಸೊಟ್ಟ ಬೆರಳುಗಳನ್ನು ನೋಡಿದ. ಆಮೇಲೆ “ಅವ್ವಾ” ಎಂದು ಚೀರಿ, ಓಡಿಹೋಗಿ ದೊಡ್ಡವ್ವನ ಸೀರೆಯ ನೆರಿಗೆಯಲ್ಲಿ ಮುಖ ಮುಚ್ಚಿಕೊಂಡ.

ದೊಡ್ಡವ್ವನ ಮುಖ ಬಿಳಿಚಿತು. ಅವನಿಗೆ ಯಾರೂ ಹಾಗೆ ಕರೆಯಲು ಕಲಿಸಿರಲಿಲ್ಲವಂತೆ, ತಾನೇ ಕರೆಯತೊಡಗಿದ್ದನಂತೆ. ತಿದ್ದಿದರೂ ಕೇಳಲಿಲ್ಲ ಎಂದು ಆಕೆ ತಪ್ಪು ಮಾಡಿದವಳಂತೆ ಹೇಳಿದಳು. ಊಟವಾಯಿತು. ಆಕೆ ಅವನ ಅಂಗಿ, ಕುಲಾಯಿ, ಹಾಸಿಗೆ ಎಲ್ಲ ಗಂಟು ಕಟ್ಟಿ ಗಾಡಿಯಲ್ಲಿ ಇಟ್ಟಳು. ಅವನಿಗೆ ಮುತ್ತಿಟ್ಟು, ತಂಗಿಯ ತೋಳಿಗೆ ಕೊಟ್ಟು, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವ್ವ ಅವನನ್ನು ಎತ್ತಿಕೊಂಡಳು. ಡಾಕ್ಟರು ಹೇಳಿದಂತೆ ಆಕೆಯ ತೋಳು ಅವನನ್ನು ಹೊತ್ತವು, ಸೋಲಲಿಲ್ಲ. ಅವನು ಮಾತ್ರ ಬಾಗಿಲ ಕಡೆ ಕೈ ಚಾಚಿ, ಬೆನ್ನು ಬಿಲ್ಲಿನಂತೆ ಮಾಡಿ, ಉಸಿರು ಸಿಕ್ಕುವಂತೆ ಅಳುತ್ತಿದ್ದ.

ಗಾಡಿ ಊರು ದಾಟಿತು. ಅಳು ನಿಲ್ಲಲಿಲ್ಲ. ಅವ್ವ ಬೆಲ್ಲ ಕೊಟ್ಟಳು, ಜೋಗುಳ ಹಾಡಿದಳು, ಅವನು ಗುದ್ದಿದ ಗುದ್ದೆಲ್ಲ ಆಕೆಯ ಮುಂಗೈಗೇ ಬಿದ್ದವು. ದನಿ ಬಿದ್ದು ಬಿಕ್ಕು ಮಾತ್ರ ಉಳಿದ ಮೇಲೂ ಅವನ ಬಾಯಲ್ಲಿ ಅದೇ ಒಂದು ಮಾತಿತ್ತು. ಹಳ್ಳದ ಹತ್ತಿರ ಆಕೆ, “ಗಾಡಿ ಹಿಂದಕ್ಕ ಹೊಳ್ಳಸ್ರಿ,” ಅಂದಳು. ಅಪ್ಪ ತಿರುಗಿ ನೋಡಿದ. ಎರಡು ದಿನ ಅಳುತ್ತಾನೆ, ಆಮೇಲೆ ಮರೆಯುತ್ತಾನೆ ಅಂದ.

“ಹೌದ್ರಿ, ಮರೀತಾನ,” ಅಂದಳು ಅವ್ವ. “ನನ್ನೂ ಹಿಂಗ ಅತ್ತ ಮರತಾನ. ಇನ್ನೊಮ್ಮೆ ಅವನಿಗೆ ಈ ಸಂಕಟ ಬ್ಯಾಡ. ಹೊಳ್ಳಸ್ರಿ.”

ದೊಡ್ಡವ್ವ ಬಾಗಿಲು ತೆರೆದಾಗ ಆಕೆಯ ಕಣ್ಣು ಕೆಂಪಾಗಿದ್ದವು. ಅಕ್ಕತಂಗಿಯರು ಏನು ಮಾತಾಡಿಕೊಂಡರೋ ನನಗೆ ತಿಳಿಯದು, ನನ್ನನ್ನು ಹೊರಗೆ ಕಳಿಸಿದರು. ನಾವು ಮೂವರೇ ಮನೆಗೆ ಬಂದೆವು.

ಮಲ್ಲಪ್ಪ ರಾಜೂರಿನಲ್ಲೇ ದೊಡ್ಡವನಾದ, ಅಲ್ಲಿಯ ಹೊಲಮನೆ ನೋಡಿಕೊಂಡ. ಹಬ್ಬ ಹುಣ್ಣಿಮೆಗೆ ಬರುತ್ತಿದ್ದ. ಹಡೆದವಳು ಯಾರೆಂದು ಅವನಿಗೆ ಯಾರೂ ಮುಚ್ಚಿಡಲಿಲ್ಲ. ಆದರೂ ‘ಅವ್ವ’ ಎಂಬ ಕರೆ ನಾಲಿಗೆಗೆ ಬರಲಿಲ್ಲ, ತಾಯಿಯ ತಂಗಿಯನ್ನು ಕರೆಯುವಂತೆ ಅವ್ವನನ್ನು ಕಡೆಯ ತನಕ ಚಿಗವ್ವ ಎಂದೇ ಕರೆದ. ಅವ್ವ ತನ್ನ ಕೀಲುಗಳೊಡನೆ ಬಹಳ ವರ್ಷ ಬಾಳಿದಳು, ಮೊಮ್ಮಕ್ಕಳನ್ನು ಎತ್ತಿದಳು.

ಈಗ ನನ್ನ ಸೊಸೆಯ ತಂಗಿಗೆ ಹಡೆದ ಮೇಲೆ ಇದೇ ಬೇನೆ ಬಂತು. ಬೇಗನೆ ಗುರುತು ಹಿಡಿದು ಔಷಧ ಶುರು ಮಾಡಿದರು. ಕೆಲವು ತಿಂಗಳಲ್ಲಿ ಆಕೆ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಾಗ ನಾನು ಎದ್ದು ಒಳಗೆ ಹೋದೆ. ಒಂದು ಮನೆಯಲ್ಲಿ ಕೂಡಿ ಬೆಳೆಯುವ ಜಗಳ, ಒಂದೇ ತಾಟಿನಲ್ಲಿ ಮುರಿದು ತಿನ್ನುವ ರೊಟ್ಟಿ. ನನಗೂ ಮಲ್ಲಪ್ಪನಿಗೂ ಇವು ಯಾವೂ ಆಗಲಿಲ್ಲ. ನಾವು ಒಬ್ಬರನ್ನೊಬ್ಬರು ಮರ್ಯಾದೆಯಿಂದ ಮಾತಾಡಿಸುವ ನೆಂಟರಾದೆವು.

ದೊಡ್ಡವ್ವ ತೀರಿಹೋದ ಮೇಲೆ ಅವನು ಹೆಚ್ಚು ಬರತೊಡಗಿದ್ದ. ಅವ್ವನ ಕಡೆಯ ವರ್ಷ, ಒಂದು ಮಧ್ಯಾಹ್ನ, ಹಾಸಿಗೆಯ ಪಕ್ಕ ಕೂತು ಆಕೆಯ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತುತ್ತಿದ್ದ. “ಭಾಳ ನೋಸತಾವೇನ ಚಿಗವ್ವಾ?” ಎಂದು ಕೇಳಿದ.

“ಇಲ್ಲಪಾ,” ಅಂದಳು ಅವ್ವ. “ನೀ ಹಿಡ್ಕೋ.”